ಪದ ಬೇಕು: ಲೆಕ್ಕದ ಹಾಳೆಯ ‘ಅಸಂಪ್ಷನ್’ಗೆ ಕನ್ನಡದಲ್ಲಿ ಏನು? ನಾಳೆ ಅಚ್ಚಿಗೆ ಹೋಗಬೇಕು

ವಿಜಯಪುರ, ಜಲನಗರದಿಂದ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟ್ ಇದೆ, ಸುತ್ತಿ ಬಳಸಿ ಹೇಳುವುದಿಲ್ಲ. ತಿಕೋಟಾ ಕಡೆಯ ಒಣದ್ರಾಕ್ಷಿ ಬೆಳೆಗಾರರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ, ಮಾಲು ಈಗಲೇ ಮಾರಬೇಕೋ ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕೋ ಅಂತ ತೀರ್ಮಾನಿಸುವುದು ಹೇಗೆ ಅನ್ನೋದು ವಿಷಯ.

ಹಾಳೆಯ ಮೇಲ್ಗಡೆ ಐದು ಹಳದಿ ಮನೆಗಳಿವೆ. ಹಸಿ ದ್ರಾಕ್ಷಿ ಎಷ್ಟು, ಒಂದು ಕಿಲೋ ಒಣಗಿದ್ದಕ್ಕೆ ಹಸಿ ಎಷ್ಟು ಕಿಲೋ, ಮಾರುವ ದರ, ತಿಂಗಳ ಬಾಡಿಗೆ, ಸಾಲದ ಬಡ್ಡಿ. ರೈತರು ತುಂಬಬೇಕಾದ್ದು ಇವು ಐದೇ. ಕೆಳಗಿರುವುದೆಲ್ಲ ಸೂತ್ರ. ಆ ಹಳದಿ ಭಾಗಕ್ಕೆ ಇಂಗ್ಲಿಷಿನಲ್ಲಿ ‘ಅಸಂಪ್ಷನ್ಸ್’ ಎಂಬ ತಲೆಬರಹ ಇದೆ. ನಾನು ‘ಊಹೆಗಳು’ ಅಂತ ಹಾಕಿದ್ದೆ. ಹೋದ ವಾರ ಹತ್ತು ಜನರಿಂದ ಓದಿಸಿ ನೋಡಿದಾಗ ಒಬ್ಬ ಹಿರಿಯರಿಗೆ ಸಿಟ್ಟೇ ಬಂತು. "ನಾಕಕ್ಕ ಒಂದು ಅನ್ನೋದು ಊಹೆ ಅಲ್ರಿ. ಮೂವತ್ತು ವರ್ಷ ಆತು ಶೆಡ್ ಹಾಕಿ, ನಾನ ತೂಗೀನಿ" ಅಂದರು.

ಈ ಇಡೀ ಲೆಕ್ಕಕ್ಕೆ ಇಂಗ್ಲಿಷಿನಲ್ಲಿರುವ ‘ಮಾಡೆಲ್’ ಕೂಡ ಕೈಕೊಟ್ಟಿತು. ‘ಮಾದರಿ’ ಅಂತ ಬರೆದಿದ್ದೆ. ಒಬ್ಬ ಹುಡುಗ ನಾನು ಉದಾಹರಣೆಗೆ ಹಾಕಿದ್ದ ದರವನ್ನು ಮುಟ್ಟಲೇ ಇಲ್ಲ. ಯಾಕಪ್ಪಾ ಅಂದರೆ "ಮಾದರಿ ಅಂತ ಬರದೀರಲ್ರಿ, ಹಂಗ ಇರಬೇಕು ಅನ್ಕೊಂಡೆ" ಅಂದ. ಮಾದರಿ ಪ್ರಶ್ನೆಪತ್ರಿಕೆ, ಮಾದರಿ ಅರ್ಜಿ ನೋಡಿ ಬೆಳೆದವನು. ತಪ್ಪು ಅವನದಲ್ಲ. ‘ಮಾಡೆಲ್’ ಅಂತಲೇ ಇಡೋಣ ಅಂದರೆ, ಟ್ರ್ಯಾಕ್ಟರ್ ಇಟ್ಟುಕೊಂಡವರು ಯಾವ ವರ್ಷದ್ದು ಅಂತ ಕೇಳುತ್ತಾರೆ.

‘ವಾಟ್-ಇಫ್’ಗೂ, ಅಂದರೆ ಅಂಕಿ ಬದಲಾದರೆ ಏನಾಗುತ್ತದೆ ಅಂತ ನೋಡುವುದಕ್ಕೂ, ಒಂದು ಪದ ಹೇಳಿ. ನಾಳೆ ಬೆಳಿಗ್ಗೆ 10ಕ್ಕೆ ಫೈಲ್ ಕೊಡಬೇಕು.

ಬೆಳಗಾವಿ, ತಿಲಕವಾಡಿಯಿಂದ:

‘ಊಹೆ’ ತಪ್ಪು. ‘ಗೃಹೀತ’ ಎನ್ನಿ, ಶಾಸ್ತ್ರದಲ್ಲಿ ಇದೆ. ವಾಟ್-ಇಫ್‌ಗೆ ‘ಸಂಭಾವನಾ ವಿಶ್ಲೇಷಣೆ’. ಮಳೆ ಬಂದೀತು, ದರ ಬಿದ್ದೀತು: ನಮ್ಮ ಸಂಭಾವನಾರ್ಥಕ ರೂಪ ಇರುವುದೇ ಇದಕ್ಕೆ. ಸೆನ್ಸಿಟಿವಿಟಿ, ಅಂದರೆ ಒಂದು ಅಂಕಿ ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದು ಬಂದರೆ ‘ಸಂವೇದನಾಶೀಲತೆ’. ಇಷ್ಟಕ್ಕೆ ಚರ್ಚೆ ಯಾಕೆ ಬೇಕು?

ಬಾಗಲಕೋಟೆ, ನವನಗರದಿಂದ:

‘ಸಂಭಾವನಾ ವಿಶ್ಲೇಷಣೆ’ ಅಂತ ಅಚ್ಚು ಹಾಕಿಸಿ ನೋಡಿ. ತರಬೇತಿಗೆ ಬಂದವರು ಮೊದಲು ಕೇಳೋದೇ "ಎಷ್ಟು ಕೊಡ್ತೀರಿ?" ಅಂತ. ಇನ್ನು ದ್ರಾಕ್ಷಿ ದರ ಸಂವೇದನಾಶೀಲ ಅಂತೆ. ಕವಿಗೋಷ್ಠಿಗೆ ಕರೆಯೋಣವಾ?

ವ್ಯಾಕರಣವೂ ಕೂಡಲಿಲ್ಲ ಸರ್. ‘ಬಂದೀತು’ ಬರೀ ಅನುಮಾನ. ವಾಟ್-ಇಫ್ ಅಂದರೆ ಅನುಮಾನ ಅಲ್ಲ. ಒಂದು ಅಂಕಿ ಬದಲಿಸಿ, ಅದರಿಂದ ಇನ್ನೊಂದು ಎಷ್ಟು ಅಲುಗಾಡುತ್ತದೆ ಅಂತ ನೋಡುವುದು. ಅದಕ್ಕೆ ‘-ಈತು’ ಸಾಲದು, ‘-ರೆ’ ಬೇಕು.

ಗೋಕಾಕದಿಂದ:

ಮೊದಲು ಸ್ಪ್ರೆಡ್‌ಶೀಟ್ ಅನ್ನೇ ಸರಿಮಾಡಿ, ಆಮೇಲೆ ಒಳಗಿನದು. ‘ಹರವುಹಾಳೆ’. ಲೆಕ್ಕಿಗರು ಎರಡು ಪುಟ ಅಗಲಕ್ಕೆ ಹರವಿಟ್ಟುಕೊಂಡು ಬರೆಯುತ್ತಿದ್ದ ಕಾಗದದಿಂದಲೇ ಆ ಇಂಗ್ಲಿಷ್ ಹೆಸರು ಬಂದದ್ದು. ಕಂಪ್ಯೂಟರಿಗೆ ಅದು ಇಳಿದದ್ದು 1979ರಲ್ಲಿ, ವಿಸಿಕ್ಯಾಲ್ಕ್ ಎಂಬ ತಂತ್ರಾಂಶವಾಗಿ. 254 ಸಾಲು, 63 ಕಂಬಸಾಲು, ಅಷ್ಟೇ. ‘ಪರಪು’ ಹಕಾರವಾಗಿ ‘ಹರವು’. ‘ಹಾಳೆ’ ಹಳಗನ್ನಡದ ‘ಪಾಳೆ’, ಅಡಿಕೆ ಹಾಳೆ. ಎರಡೂ ನಮ್ಮವೇ.

ಅಸಂಪ್ಷನ್‌ಗೆ ‘ಎಣಿಕೆ’. ‘ಎಣಿಸು’ ಅಂದರೆ ಲೆಕ್ಕ ಮಾಡುವುದೂ ಹೌದು, ಹಾಗೆಂದು ತಿಳಿಯುವುದೂ ಹೌದು. ಒಂದೇ ಬೇರಿನಲ್ಲಿ ಎರಡೂ ಇವೆ. ಇಂಥ ಪದ ಮನೆಯಲ್ಲೇ ಇರುವಾಗ ಸಂಸ್ಕೃತದ ‘ಗೃಹೀತ’, ಪಾರಸಿಯ ‘ಅಂದಾಜು’ ಯಾಕೆ? ಎರವಲು ತಂದು ತಂದು ಕನ್ನಡ ಬಾಡಿಗೆ ಮನೆಯಾಗಿದೆ.

ಬೆಳಗಾವಿ, ರವಿವಾರ ಪೇಟೆಯಿಂದ:

ಅಡತಿ ಅಂಗಡಿಯ ಗುಮಾಸ್ತನಾಗಿ ಕಿರ್ದಿ, ಖತಾವಣಿ ಬರೆದು ರಿಟೈರ್ ಆದವನು ನಾನು. ‘ಬಾಡಿಗೆ ಮನೆ’ ಅಂದಿದ್ದಕ್ಕೆ ಬರೆಯಲೇಬೇಕಾಯಿತು. ನಾನು ಬರೆದ ಪುಸ್ತಕದಲ್ಲಿ ಜಮಾ, ಬಾಕಿ, ಅಸಲು ಅರಬ್ಬಿಯಿಂದ ಬಂದವು. ಖರ್ಚು, ಅಂದಾಜು ಪಾರಸಿಯಿಂದ. ಬೇರೀಜು, ಶಿಲ್ಕು ಮರಾಠಿಯಿಂದ. ಇಲ್ಲಿ 1490ರಿಂದ 1686ರವರೆಗೆ ಆದಿಲ್‌ಶಾಹಿ ಇತ್ತು. ಆಮೇಲೆ ಪೇಶ್ವೆಗಳು ಬಂದರು. 1956ರವರೆಗೂ ನಾವು ಮುಂಬೈ ಕಡೆಗಿದ್ದೆವು. ಲೆಕ್ಕ ಕೇಳುವವರು ಬದಲಾದ ಹಾಗೆ ಪದಗಳೂ ಬಂದವು, ಬಂದು ಇಲ್ಲೇ ಉಳಿದವು. ಈಗ ಅವುಗಳ ಜಾತಕ ಕೇಳಿದರೆ ಹೇಗೆ?

‘ಎಣಿಕೆ’ ಅಂದರೆ ಇವತ್ತು ಮತ ಎಣಿಕೆ, ಅಷ್ಟೇ. ಸುಮ್ನೆ ‘ಅಂದಾಜು’ ಹಾಕಿ. ಕೈಪಿಡಿಯಲ್ಲಿ ಬ್ರೇಕ್-ಈವನ್, ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವ ದರ, ಬಂದೇ ಬರುತ್ತದೆ. ಅದಕ್ಕೆ ‘ಅಸಲು ಗಿಟ್ಟುವ ದರ’ ಅನ್ನಿ. ‘ಅಸಲು’ ಅರಬ್ಬಿ, ‘ಗಿಟ್ಟು’ ಕನ್ನಡ. ನಾನಂತೂ ಅವು ಜಗಳ ಆಡಿದ್ದು ನೋಡಿಲ್ಲ.

ಜಲನಗರದಿಂದ:

‘ಅಸಲು ಗಿಟ್ಟುವ ದರ’ ಈಗಲೇ ಹಾಕಿಕೊಂಡೆ, ಥ್ಯಾಂಕ್ಸ್. ಎಕ್ಸೆಲ್‌ನ ಗೋಲ್ ಸೀಕ್‌ನಲ್ಲಿ ಲಾಭವನ್ನು ಸೊನ್ನೆ ಮಾಡು ಅಂದಾಗ ಅದು ಕೊಡುವ ದರ ಇದೇ. ನಾನು ಅದಕ್ಕೆ ‘ಸಮತೋಲ ಬಿಂದು’ ಅಂತ ಬರೆದು ಎರಡು ಸಾಲು ವಿವರಣೆ ಬೇರೆ ಕೊಟ್ಟಿದ್ದೆ. ವಿವರಣೆ ತೆಗೆದೆ.

ಆದರೆ ‘ಅಂದಾಜು’ ಆಗುವುದಿಲ್ಲ. ಕೆಳಗೆ ಬರುವ ಲಾಭವೂ ಅಂದಾಜೇ ಅಲ್ವಾ? ಮೊದಲ ಕರಡಿನಲ್ಲಿ ಮೇಲೆ ‘ಅಂದಾಜು ದರ’, ಕೆಳಗೆ ‘ಅಂದಾಜು ಲಾಭ’ ಇತ್ತು. ಒಬ್ಬರು ಕೆಳಗಿನ ಮನೆಗೂ ಹೋಗಿ ಎರಡು ಲಕ್ಷ ಅಂತ ಟೈಪ್ ಮಾಡಿದರು. ಅಂದಾಜು ತಾನೇ, ನನ್ನದು ಇಷ್ಟು ಅಂತ. ಸೂತ್ರ ಅಳಿಸಿಹೋಯಿತು. ಆಮೇಲೆ ದರ ಏರಿಸಲಿ, ಇಳಿಸಲಿ, ಲಾಭ ಎರಡು ಲಕ್ಷ ಬಿಟ್ಟು ಕದಲಲಿಲ್ಲ. ಅವರಿಗೆ ಖುಷಿಯೋ ಖುಷಿ. ಹಾಗಾಗಿ ನಾವು ಕೊಡುವುದಕ್ಕೆ ಒಂದು ಪದ, ಹಾಳೆ ಕೊಡುವುದಕ್ಕೆ ಇನ್ನೊಂದು ಪದ ಬೇಕೇ ಬೇಕು.

ನವನಗರದಿಂದ:

ಲೆಕ್ಕ ಹಾಕುವಾಗ ನಿಮ್ಮ ಊರಿನವರು ಏನನ್ನುತ್ತಾರೆ, ಕೇಳಿಸಿಕೊಂಡಿದ್ದೀರಾ? "ದರ ಎಷ್ಟು ಹಿಡಿದ್ರಿ?" "ನೂರೈವತ್ತು ಹಿಡದೀನಿ." ಮದುವೆ ಊಟದ ಲೆಕ್ಕದಲ್ಲೂ "ಐನೂರು ಮಂದಿ ಹಿಡಿ" ಅಂತಾರೆ. ಸಾವಿರ ಮಂದಿ ಬಂದರೂ ‘ಹಿಡಿದ’ವರನ್ನು ಯಾರೂ ಸುಳ್ಳುಗಾರ ಅನ್ನುವುದಿಲ್ಲ. ಹಿಡಿಯುವುದು ಊಹೆಯೂ ಅಲ್ಲ, ಸತ್ಯ ಅಂತ ಆಣೆಯೂ ಅಲ್ಲ. ಲೆಕ್ಕ ಮುಂದೆ ಹೋಗಲಿ ಅಂತ ಒಪ್ಪಿಕೊಂಡದ್ದು. ಬೇಕಾದರೆ ಬಿಟ್ಟು ಬೇರೆ ಹಿಡಿಯಬಹುದು. ಹಳದಿ ಮನೆಯ ಕೆಲಸ ಅದೇ ಅಲ್ವಾ?

10 ಟನ್ ಹಸಿ ದ್ರಾಕ್ಷಿ, ನಾಲ್ಕಕ್ಕೆ ಒಂದು ಹಿಡಿದರೆ 2,500 ಕಿಲೋ. ನಾಲ್ಕೂವರೆಗೆ ಒಂದು ಹಿಡಿದರೆ 2,222. ಕಿಲೋಗೆ 150 ರೂಪಾಯಿ ಹಿಡಿದರೂ 41 ಸಾವಿರದ ಮೇಲೆ ಹೋಯಿತು. ಈ ಮೂರು ವಾಕ್ಯದಲ್ಲಿ ‘ಹಿಡಿ’ ತೆಗೆದು ‘ಗೃಹೀತ’ ಹಾಕಿ ಓದಿ, ಗೊತ್ತಾಗುತ್ತದೆ.

ತಿಲಕವಾಡಿಯಿಂದ:

ಇದು ಬಜಾರದ ಮಾತು. ಪಠ್ಯಕ್ಕೆ ಸಲ್ಲದು.

ಗೋಕಾಕದಿಂದ:

‘ಪಿಡಿ’ಯಿಂದ ‘ಹಿಡಿ’. ಅಚ್ಚಗನ್ನಡ, ಒಪ್ಪಿದೆ. ಆದರೆ ತಲೆಬರಹಕ್ಕೆ ಹೆಸರುಪದ ಬೇಕು. ‘ಹಿಡಿತ’ ಅಥವಾ ‘ಹಿಡಿಕೆ’ ಮಾಡಿ.

ರವಿವಾರ ಪೇಟೆಯಿಂದ:

ಹಿಡಿತ ಅಂದರೆ ಕಂಟ್ರೋಲು, ಹಿಡಿಕೆ ಅಂದರೆ ಕೊಡಲಿಯದು. ‘ಹಿಡಿದದ್ದು’ ಅಂದರೆ ಸಾಕು. ಬಜಾರದ ಮಾತು ಅಂದವರಿಗೆ ಒಂದು ಮಾತು. ಒಣದ್ರಾಕ್ಷಿ ಮಾರುವುದು ಬಜಾರದಲ್ಲೇ, ತಾಸಗಾಂವ್‌ನಲ್ಲೋ ಸಾಂಗಲಿಯಲ್ಲೋ. ಗ್ರಂಥಾಲಯದಲ್ಲಿ ಅಲ್ಲ.

ತಿಲಕವಾಡಿಯಿಂದ:

ಹಾಗಾದರೆ ಪಾರಿಭಾಷಿಕ ಪದವೇ ಬೇಡ ಎಂದಾಯಿತು. ಎಲ್ಲವನ್ನೂ ಸಂತೆಯಲ್ಲೇ ಕೇಳಿ ಬರೆಯಿರಿ. ನಾಳೆ ವಿಶ್ವವಿದ್ಯಾಲಯದ ಪಠ್ಯಕ್ಕೂ ಇದನ್ನೇ ಹಾಕುತ್ತೀರಾ?

ನವನಗರದಿಂದ:

ಹಾಕೋಣ. ಎಂಬಿಎ ಹುಡುಗರ ಹಾಳೆ ನೋಡಿದ್ದೇನೆ. ಬಡ್ಡಿ ದರವನ್ನು ಸೂತ್ರದ ಹೊಟ್ಟೆಯೊಳಗೆ ತುರುಕಿರುತ್ತಾರೆ. ಒಂದೊಂದು ಸಾಲಿನಲ್ಲಿ ಒಂದೊಂದು ಬಡ್ಡಿ. ‘ನೀನು ಹಿಡಿದದ್ದನ್ನೆಲ್ಲ ಒಂದು ಕಡೆ ಬರೆದು ತೋರಿಸಪ್ಪಾ’ ಅಂದರೆ ತಕ್ಷಣ ಅರ್ಥವಾಗುತ್ತದೆ. ‘ಗೃಹೀತಗಳನ್ನು ಪ್ರತ್ಯೇಕಿಸು’ ಅಂದರೆ ನೋಟ್ಸಿನಲ್ಲಿ ಬರೆದುಕೊಂಡು ಮತ್ತೆ ತುರುಕುತ್ತಾರೆ.

ಗೋಕಾಕದಿಂದ:

ಹರವುಹಾಳೆ ಬಗ್ಗೆ ಯಾರೂ ಮಾತಾಡಲಿಲ್ಲ.

ಜಲನಗರದಿಂದ:

ಸಂಜೆ ಆ ಹಿರಿಯರಿಗೇ ಫೋನ್ ಮಾಡಿದೆ. ಪದದ ವಿಷಯ ಎತ್ತಲಿಲ್ಲ. ನಾಲ್ಕಕ್ಕೆ ಒಂದು ಹಿಡಿಯಲಾ ಅಂತಷ್ಟೇ ಕೇಳಿದೆ. "ಹಿಡೀರಿ. ಸಕ್ಕರಿ ಕಮ್ಮಿ ಇದ್ರ ನಾಕೂವರಿ ಹಿಡೀರಿ. ಶೆಡ್ಡಿನ್ಯಾಗ ಇದ್ದಾಗ ಮಳಿ ಹೊಡದ್ರ ಬಣ್ಣ ಹೋಗ್ತದ, ದರ ಇಳಿಸಿ ಹಿಡೀರಿ" ಅಂದರು. ಒಂದೇ ಉಸಿರಿನಲ್ಲಿ ನನ್ನ ಎರಡೂ ಪದ ಸಿಕ್ಕವು. ಸಿಟ್ಟೂ ಇರಲಿಲ್ಲ.

ಹಾಗಾಗಿ ಹಳದಿ ಭಾಗಕ್ಕೆ ‘ಹಿಡಿದ ಅಂಕಿ’. ಕೆಳಗಿನದ್ದಕ್ಕೆ ‘ಬಂದ ಅಂಕಿ’. ವಾಟ್-ಇಫ್ ಪುಟಕ್ಕೆ ‘ಹೀಗಾದರೆ ಎಷ್ಟು?’ ಅಂತ ಹಾಕಿ, ಕೆಳಗೆ ಮೂರು ಕಂಬಸಾಲು ಮಾಡಿದ್ದೇನೆ: ‘ಇದ್ದ ಹಾಗೆ’, ‘ಸಕ್ಕರೆ ಕಮ್ಮಿಯಾದರೆ’, ‘ಮಳೆ ಹೊಡೆದರೆ’. ಮಾದರಿ, ಮಾಡೆಲ್ ಎರಡೂ ತೆಗೆದು ‘ಲೆಕ್ಕದ ಹಾಳೆ’ ಅಂದಿದ್ದೇನೆ. ಗೋಕಾಕದವರು ಕ್ಷಮಿಸಬೇಕು. ಹರವುಹಾಳೆ ಚೆನ್ನಾಗಿದೆ, ಆದರೆ ನಮ್ಮ ಕಡೆ ಹರವುವುದು ಅಂದರೆ ದ್ರಾಕ್ಷಿಯನ್ನು ಬಲೆಯ ಮೇಲೆ ಹರವುವುದು. ಕೈಪಿಡಿಯಲ್ಲಿ ಆ ಕೆಲಸಕ್ಕೇ ಬೇರೆ ಪುಟ ಇದೆ, ಎರಡೂ ಕಲಸಿಹೋಗುತ್ತವೆ.

ಫೈಲ್ ಕಳಿಸಿಬಿಟ್ಟೆ.

ಗೋಕಾಕದಿಂದ:

‘ಅಂಕಿ’ ಸಂಸ್ಕೃತದ ‘ಅಂಕ’ದಿಂದ ಬಂದದ್ದು.

ಜಲನಗರದಿಂದ:

ಗೊತ್ತು ಸರ್. ಪ್ರೆಸ್ಸಿನವರು ಪ್ಲೇಟ್ ಹಾಕಿಯಾಯಿತು.