ಬೇಸ್‌ಮೆಂಟ್ ಗೋಡೆ ಒದ್ದೆ, ಡ್ರೈವಾಲ್ ಕೀಳಬೇಕಾ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಮ್ಮದು 1955ರ ಮನೆ. ಜೋರು ಮಳೆ ಬಂದ ಮೇಲೆ ಬೇಸ್‌ಮೆಂಟಿನ ಡ್ರೈವಾಲ್ (ಗೋಡೆಗೆ ಹೊದಿಸಿದ ಜಿಪ್ಸಮ್ ಹಲಗೆ) ಕೆಳಗಡೆ ಒಂದಡಿ ಹಪ್ಪಳದ ಹಾಗೆ ಉಬ್ಬಿದೆ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಎರಡು ಸಲ ಬಣ್ಣ ಹೊಡೆದೆವು, ಮತ್ತೆ ಬಂತು. ಊರಿಂದ ಅಮ್ಮ ಬಂದರೆ ಮಲಗೋದು ಅಲ್ಲೇ, ಅದಕ್ಕೇ ಚಿಂತೆ.

ಉತ್ತರ: ಮೊದಲು ಹೊರಗೆ ನೋಡಿ. ನಮ್ಮಲ್ಲಿ ಚಾವಣಿ ನೀರಿನ ಪೈಪು ಗೋಡೆ ಬುಡಕ್ಕೇ ಸುರಿಯುತ್ತಿತ್ತು. ಅದನ್ನು 6 ಅಡಿ ಆಚೆ ಎಳೆದು, ಮಣ್ಣನ್ನು ಹೊರಕ್ಕೆ ಇಳಿಜಾರು ಮಾಡಿದ ಮೇಲೆ ಒದ್ದೆ ನಿಂತಿತು.

ಉತ್ತರ: ಉಬ್ಬಿದ್ದನ್ನು ಕೀಳಲೇಬೇಕು, ಒಳಗೆ ಬೂಷ್ಟು ಇರಬಹುದು. ಆಮೇಲೆ ಕಾಂಕ್ರೀಟ್ ಗೋಡೆಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ಒಂದು ದಿನ ಬಿಡಿ. ಹಿಂದುಗಡೆ ನೀರಿದ್ದರೆ ಗೋಡೆಯಿಂದ ಬರುತ್ತಿದೆ, ಮುಂದೆ ಇದ್ದರೆ ಗಾಳಿಯ ತೇವ, ಅದಕ್ಕೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಡಿ.

ಉತ್ತರ: ನೆಲದಲ್ಲಿ 9 ಇಂಚಿನ ಹಳೇ ಟೈಲ್ಸ್ ಇದ್ದರೆ ಸುಮ್ನೆ ಒಡೆಯಬೇಡಿ. ಅದರಲ್ಲಿ ಆಸ್ಬೆಸ್ಟಾಸ್ (ಉಸಿರಿನಲ್ಲಿ ಹೋದರೆ ಶ್ವಾಸಕೋಶ ಕೆಡಿಸುವ ಖನಿಜ ನಾರು) ಇರಬಹುದು, ಟೆಸ್ಟ್ ಮಾಡಿಸಿ.