ಮಲೆನಾಡಿನ ಮಳೆಗೆ ತಡೆಯೋ ಆರು ತಂತಿ ಬೇಸ್: ನೆಕ್ ಹೇಗೆ ಕಟ್ಟೋದು?

ಕಾಫಿತೋಟ_ಬೇಸ್ (ಮೂಡಿಗೆರೆ):

ಎಲ್ಲರಿಗೂ ನಮಸ್ಕಾರ. ಕೈಯಲ್ಲೇ ಒಂದು ಆರು ತಂತಿಯ ಬೇಸ್ ಗಿಟಾರ್ ಕಟ್ಟೋಕೆ ಹೊರಟಿದ್ದೇನೆ. ಶ್ರುತಿ ಕೆಳಗಿನಿಂದ ಬಿ, ಇ, ಎ, ಡಿ, ಜಿ, ಸಿ. ಸ್ಕೇಲ್, ಅಂದ್ರೆ ನಟ್‌ನಿಂದ (ತಲೆಯ ಕಡೆ ತಂತಿ ಕೂರೋ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿ ಮೇಲೆ ತಂತಿ ಕೂರೋ ಭಾಗ) ತಂತಿಯ ಉದ್ದ, 35 ಇಂಚು (889 ಮಿ.ಮೀ). 24 ಫ್ರೆಟ್ (ಸ್ವರಸ್ಥಾನದ ಲೋಹದ ಗೆರೆ), ಬೋಲ್ಟ್ ಹಾಕಿ ಬಾಡಿಗೆ ಕೂರಿಸೋ ನೆಕ್ (ಗಿಟಾರಿನ ಕತ್ತು).

ಇರೋ ಮರ: ತೋಟದ ಸಿಲ್ವರ್ ಓಕ್ ಹಲಗೆ (50 ಮಿ.ಮೀ ದಪ್ಪ, ಕೊಯ್ಸಿ ಎರಡು ವರ್ಷ), ಹಳೇ ಮನೆ ಬಿಚ್ಚಿದಾಗ ಉಳಿದ ತೇಗದ ತೊಲೆ, ಫಿಂಗರ್‌ಬೋರ್ಡ್‌ಗೆ (ನೆಕ್ ಮೇಲೆ ಫ್ರೆಟ್ ಕೂರೋ ಹಲಗೆ) ಹಳೇ ಬೀಟೆ ಮೇಜಿನ ಮೇಲ್ಹಲಗೆ. ರೌಟರ್, ತೋಪಡ, ಉಳಿ, ಅರ, ಕ್ಲಾಂಪ್ ಎಲ್ಲಾ ಇದೆ.

ಕೇಳಬೇಕಾಗಿರೋದು ಇಷ್ಟು. ನೆಕ್ ಇಡೀ ತೇಗದ ಒಂದೇ ತುಂಡಲ್ಲಿ ಮಾಡಬಹುದಾ, ಪಟ್ಟಿ ಅಂಟಿಸಬೇಕಾ? ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸೋಕೆ ಒಳಗೆ ಕೂರಿಸೋ ಲೋಹದ ಸರಳು) ಒಂದು ಸಾಕಾ, ಎರಡು ಬೇಕಾ? ಅಂಟು ಯಾವುದು? ಈಗ ಮಳೆಗಾಲದಲ್ಲೇ ಶುರು ಮಾಡಿದ್ರೆ ತೊಂದರೆ ಇದೆಯಾ? ಓರೆ ಫ್ರೆಟ್ (ದಪ್ಪ ತಂತಿಗೆ ಹೆಚ್ಚು ಉದ್ದ ಸಿಗೋ ಹಾಗೆ ಬೀಸಣಿಗೆ ತರ ಹರಡಿದ್ದು) ಹಾಕಿದ್ರೆ ಬಿ ತಂತಿ ಇನ್ನೂ ಬಿಗಿಯಾಗಿ ನುಡಿಯುತ್ತೆ ಅಂತಾರೆ, ಅದನ್ನೇ ಮಾಡಲಾ?

ಉಳಿ_ಸುತ್ತಿಗೆ (ಹಾಸನ):

ಕೊನೆಯ ಪ್ರಶ್ನೆಯಿಂದ ಬರ್ತೀನಿ. ಮೊದಲ ವಾದ್ಯಕ್ಕೆ ಓರೆ ಫ್ರೆಟ್ ಬೇಡ. ಒಂದೊಂದು ಫ್ರೆಟ್ಟೂ ಬೇರೆ ಕೋನ, ನಟ್ ಓರೆ, ಬ್ರಿಡ್ಜ್ ಓರೆ. ಕೈಗರಗಸದಲ್ಲಿ ಅರ್ಧ ಮಿ.ಮೀ ತಪ್ಪಿದ್ರೂ ಅಪಶ್ರುತಿ. ನೇರ ಫ್ರೆಟ್, 35 ಇಂಚು, ಅಷ್ಟು ಸಾಕು.

ಇನ್ನು ಮರ. ಬಾಡಿಗೆ ಸಿಲ್ವರ್ ಓಕ್ ಚೆನ್ನಾಗಿದೆ. ಹಗುರ, ರೌಟರ್‌ಗೆ ಸುಲಭ, ಕ್ವಾರ್ಟರ್ ಕೊಯ್ತದಲ್ಲಿ (ವರ್ಷದ ಗೆರೆ ನೆಟ್ಟಗೆ ಬರೋ ಹಾಗೆ) ಕೊಯ್ದ ಮುಖದಲ್ಲಿ ಜಾಲರಿ ತರಹದ ಹೊಳೆಯೋ ಕಲೆಗಳು ಎದ್ದು ಕಾಣುತ್ತೆ. ಅದರ ಪುಡಿ ಕೆಲವರ ಚರ್ಮಕ್ಕೆ ಆಗಲ್ಲ, ತುರಿಕೆ ಬೊಕ್ಕೆ ಏಳುತ್ತೆ, ತುಂಬು ತೋಳಿನ ಅಂಗಿ ಮತ್ತು ಮಾಸ್ಕ್ ಬಿಡಬೇಡಿ. ತೇಗ, ಬೀಟೆ ಪುಡಿಗೂ ಇದೇ ಮಾತು. ಹಲಗೆಯ ಹೊರಗಿನ ಬಿಳಿ ಭಾಗ ಹುಳ ಹಿಡಿಯುತ್ತೆ, ಅದನ್ನ ತೆಗೆದು ಚೇಗು ಮಾತ್ರ ಇಟ್ಟುಕೊಳ್ಳಿ.

ಬಾಡಿ ಎಂಥ ಮರದಲ್ಲಿ ಮಾಡಿದ್ರೂ ನಡೆಯುತ್ತೆ. ಈ ವಾದ್ಯ ನಿಲ್ಲೋದು ಬೀಳೋದು ನೆಕ್ಕಿನ ಮೇಲೆ. ಆರು ತಂತಿ ಸೇರಿ ಸುಮಾರು 110ರಿಂದ 120 ಕೆಜಿ ಎಳೆತ ಹಗಲೂ ರಾತ್ರಿ ಇರುತ್ತೆ. ಅದರ ಮೇಲೆ ನಿಮ್ಮೂರಿನ ಹವೆ. ಅದೇ ನೆಕ್ ಕಡೂರು, ಅರಸೀಕೆರೆ ಕಡೆ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ತರ ಇರುತ್ತೆ. ಮೂಡಿಗೆರೆಯಲ್ಲಿ ಆಷಾಢದ ಗಾಳಿಯಲ್ಲಿ ತೇವ ಶೇ. 90 ದಾಟಿದ್ರೆ ಮರದೊಳಗಿನ ನೀರು ಶೇ. 18-20ರ ಕಡೆ ಹೋಗೋಕೆ ನೋಡುತ್ತೆ, ಮಾಘದಲ್ಲಿ 10-11ಕ್ಕೆ ಇಳಿಯುತ್ತೆ. ಅಷ್ಟು ಅಂತರಕ್ಕೆ ಯಾವ ಮರವೂ ಅಲುಗದೆ ಇರಲ್ಲ. ಅಲುಗಿದಾಗ ತಿರುಚದೆ ನೇರಕ್ಕೆ ಅಲುಗೋ ಹಾಗೆ ಕಟ್ಟೋದು ನಮ್ಮ ಕೈಲಿದೆ.

ಅದಕ್ಕೇ ಒಂದೇ ತುಂಡು ಬೇಡ, ಐದು ಪಟ್ಟಿ ಅಂಟಿಸಿ. 24 ಮಿ.ಮೀ ಅಗಲದ ಮೂರು ತೇಗ, ನಡುವೆ 9 ಮಿ.ಮೀ ಅಗಲದ ಎರಡು ಹೊನ್ನೆ ಅಥವಾ ಬೀಟೆ. ಒಟ್ಟು 90. ತುದಿಮುಖ ನೋಡಿದ್ರೆ ವರ್ಷದ ಗೆರೆಗಳು ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ತೇಗ ಗೆರೆಗೆ ಅಡ್ಡಲಾಗಿ ಕುಗ್ಗೋದರ ಎರಡರಷ್ಟು ಗೆರೆಯ ಜೊತೆಗೆ ಕುಗ್ಗುತ್ತೆ, ಮಲಗಿದ ಗೆರೆಯ ಪಟ್ಟಿ ಬಟ್ಟಲಾಗೋದು ಅದಕ್ಕೆ. ಪಕ್ಕಪಕ್ಕದ ಪಟ್ಟಿಗಳಲ್ಲಿ ಒಂದನ್ನ ತಲೆಕೆಳಗು ಮಾಡಿ ಇಡಿ, ಒಂದರ ತಿರುಚು ಇನ್ನೊಂದು ಹಿಡಿಯುತ್ತೆ.

ಹಳೇ ತೊಲೆ ಅಂದ್ರೆ ಒಳಗೆ ಮುರಿದ ಮೊಳೆ ಇದ್ದೇ ಇರುತ್ತೆ. ಸಾಮಿಲ್‌ಗೆ ಒಯ್ಯೋ ಮೊದಲು ಬಲವಾದ ಅಯಸ್ಕಾಂತ ಎಳೆದು ನೋಡಿ. ಗೂಟ ಹೊಡೆದ ತೂತಿನ ಆಜುಬಾಜು ಕೂದಲೆಳೆ ಸೀಳು ಇದ್ರೆ ಆ ಭಾಗ ನೆಕ್‌ಗೆ ಬೇಡ.

ಅಂಟು: ತೇಗದಲ್ಲಿ ಎಣ್ಣೆ ಇದೆ. ಅಂಟಿಸೋ ಮುಖವನ್ನ ತೋಪಡ ಹೊಡೆದು, ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಹಳದಿ ಹತ್ತೋದು ನಿಂತ ಮೇಲೆ ಹದಿನೈದು ಇಪ್ಪತ್ತು ನಿಮಿಷದೊಳಗೆ ಅಂಟಿಸಿ. ತಡ ಮಾಡಿದ್ರೆ ಎಣ್ಣೆ ಮತ್ತೆ ಮೇಲೆ ಬರುತ್ತೆ. ನಿಧಾನ ಗಟ್ಟಿಯಾಗೋ ಎಪಾಕ್ಸಿ ಹಾಕಿ, ಐದು ನಿಮಿಷದ್ದು ಬೇಡ. ಸಾಮಾನ್ಯ ಬಿಳಿ ಅಂಟು ಗಟ್ಟಿಯಾದ ಮೇಲೂ ಸತತ ಎಳೆತಕ್ಕೆ ನಿಧಾನವಾಗಿ ಜಾರುತ್ತೆ, ಜೊತೆಗೆ ಅದರ ನೀರು ಮರಕ್ಕೆ ಇಳಿದು ಪಟ್ಟಿ ಬಾಗುತ್ತೆ. ಎಪಾಕ್ಸಿಗೆ ಕ್ಲಾಂಪ್ ಹದವಾಗಿ ಬಿಗಿಯಬೇಕು, ಪೂರ್ತಿ ಹಿಂಡಿದ್ರೆ ಅಂಟೆಲ್ಲಾ ಹೊರಬಂದು ಒಳಗೆ ಒಣ ಜಾಗ ಉಳಿಯುತ್ತೆ.

ಮಳೆಯಲ್ಲಿ ಶುರು ಮಾಡಬಹುದು, ಆದರೆ ಬಾಡಿ, ಟೆಂಪ್ಲೇಟ್, ಪ್ಲೈವುಡ್ ಮೇಲೆ ಪೂರ್ತಿ ಅಳತೆಯ ನಕ್ಷೆ, ಇಷ್ಟೇ. ನೆಕ್ ಅಂಟಿಸೋದು ಮರ ಶೇ. 11-12ಕ್ಕೆ ಬಂದ ಮೇಲೆ, ಅಂದ್ರೆ ಡಿಸೆಂಬರ್‌ನಿಂದ ಫೆಬ್ರವರಿ. ಬೇಗ ಒಣಗಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕಬೇಡಿ, ತುದಿ ಬಿರಿಯುತ್ತೆ. ತುದಿಗಳಿಗೆ ಪೇಂಟ್ ಬಳಿದು, ನಡುವೆ ರೀಪು ಕೊಟ್ಟು, ಗಾಳಿಯಾಡೋ ಕೋಣೆಯಲ್ಲಿ ಅಡ್ಡಡ್ಡ ಪೇರಿಸಿ.

ಲೋ_ಬಿ (ಚಿಕ್ಕಮಗಳೂರು):

ಮೇಲಿನವರು ಹೇಳಿದ್ದು ಪೂರ್ತಿ ಒಪ್ಪಿಗೆ. ಅಳತೆಗಳ ಬಗ್ಗೆ ನಾನು ಸೇರಿಸ್ತೀನಿ.

ಬಿ ತಂತಿಯ ಕಂಪನ 30.87 ಹರ್ಟ್ಸ್. ಅದೇ ತಂತಿ, ಅದೇ ಶ್ರುತಿ ಇಟ್ಟು ಉದ್ದ ಮಾತ್ರ 34ರಿಂದ 35 ಇಂಚಿಗೆ ಹೋದ್ರೆ ಎಳೆತ ಶೇ. 6ರಷ್ಟು ಏರುತ್ತೆ, ಏಕೆಂದರೆ ಎಳೆತ ಉದ್ದದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ. ಆ ಒಂದು ಇಂಚಿನಿಂದ ಬಿ ತಂತಿಯ ತೊಂದರೆ ಎಲ್ಲವೂ ಸರಿಹೋಗುತ್ತೆ ಅಂತ ಅಲ್ಲ, ಆದರೆ ಜೋಲು ಕಮ್ಮಿಯಾಗುತ್ತೆ. 1975ರಲ್ಲಿ ಗಿಟಾರ್ ಕಟ್ಟೋ ಕಾರ್ಲ್ ಥಾಂಪ್ಸನ್ ಅವರು ಅಮೆರಿಕದ ಬೇಸ್ ವಾದಕ ಆಂಥೊನಿ ಜಾಕ್ಸನ್‌ಗೆ ಕಟ್ಟಿಕೊಟ್ಟ ಆರು ತಂತಿಯಿಂದ ಈ ದಾರಿ ಶುರುವಾಯ್ತು, ಆಮೇಲೆ ಜಾಕ್ಸನ್ 36 ಇಂಚಿಗೇ ಹೋದರು. 36ರಲ್ಲಿ ಮೊದಲ ಫ್ರೆಟ್‌ಗಳಿಗೆ ಕೈ ಚಾಚೋದು ಕಷ್ಟ, ನಿಮ್ಮ 35 ಸರಿಯಾದ ನಡುದಾರಿ.

ಅಗಲ: ನಟ್ 54 ಮಿ.ಮೀ, ಬ್ರಿಡ್ಜ್‌ನಲ್ಲಿ ತಂತಿಯಿಂದ ತಂತಿಗೆ 18, ಅಂದ್ರೆ ಹೊರ ತಂತಿಗಳ ನಡುವೆ 90. ನಟ್‌ನಲ್ಲಿ ಹೊರ ತಂತಿಗಳ ನಡುವೆ 46 ಇಟ್ಟು, ಎರಡೂ ಬದಿ ತಂತಿಯ ನಡುವಿನಿಂದ 4 ಬಿಟ್ಟು ಲೆಕ್ಕ ಹಾಕಿದ್ರೆ 24ನೇ ಫ್ರೆಟ್ ಹತ್ರ ಫಿಂಗರ್‌ಬೋರ್ಡ್ ಅಗಲ 87. ನಿಮ್ಮ 90ರ ಕಟ್ಟು ಅದಕ್ಕೆ ಸರಿಯಾಗಿ ಸಾಕು, 3 ಮಿ.ಮೀ ಮಾತ್ರ ಉಳಿಯುತ್ತೆ. ಹಾಗಾಗಿ ಪಟ್ಟಿ ಅಂಟಿಸುವಾಗ ಜಾರಿ ಮೆಟ್ಟಿಲಾಗದಂತೆ ನೋಡಿಕೊಳ್ಳಿ.

ಟ್ರಸ್ ರಾಡ್ ಎರಡು ಹಾಕೋರಿದ್ದಾರೆ. ನನ್ನ ಆಯ್ಕೆ ನಡುವೆ ಒಂದೇ ಎರಡು-ದಿಕ್ಕಿನ ರಾಡ್ (ನೆಕ್ಕನ್ನ ಹಿಂದಕ್ಕೂ ಮುಂದಕ್ಕೂ ಬಾಗಿಸೋದು), ಅದರ ಎರಡೂ ಬದಿಗೆ ಕಾರ್ಬನ್ ಫೈಬರ್ ಪಟ್ಟಿ. ಎರಡು ರಾಡ್ ಇದ್ರೆ ಎರಡನ್ನೂ ಸಮ ತಿರುಗಿಸೋದು ಹವೆ ಬದಲಾದಾಗಲೆಲ್ಲಾ ಮಾಡಬೇಕಾದ ಕೆಲಸ, ಒಂದು ಹೆಚ್ಚಾದ್ರೆ ನೆಕ್ ನೀವೇ ತಿರುಚಿದ ಹಾಗೆ. ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. ಮೊದಲ ಫ್ರೆಟ್ ಹತ್ರ ನೆಕ್ ಒಟ್ಟು ದಪ್ಪ 22, ಅದರಲ್ಲಿ ಬೋರ್ಡ್ 6, ಉಳಿದ ಮರ 16. ನಡುವಿನ ರಾಡ್ ಕಾಲುವೆ 10 ಆಳ ಹೋದ್ರೂ ಕೆಳಗೆ 6 ಉಳಿಯುತ್ತೆ, ಪರವಾಗಿಲ್ಲ. ಕಾರ್ಬನ್ ಪಟ್ಟಿಯನ್ನೂ 10 ಎತ್ತರದ್ದು ತಂದು ನಡುಗೆರೆಯಿಂದ 20 ದೂರಕ್ಕೆ ಇಟ್ರೆ, ಹಿಂಭಾಗ ದುಂಡಗೆ ಅರ ಹಾಕುವಾಗ ಅಲ್ಲಿ ಮರ ಒಂದು ಮಿ.ಮೀ ಕೂಡ ಉಳಿಯಲ್ಲ, ಕಪ್ಪು ಪಟ್ಟಿ ಹೊರಗೆ ಇಣುಕುತ್ತೆ. 6 ಎತ್ತರದ ಪಟ್ಟಿ ತಗೊಳ್ಳಿ, ನಡುಗೆರೆಯಿಂದ 14ರ ಒಳಗೆ ಇಡಿ. ಕೆಳಗೆ ಏಳೂವರೆ ಮಿ.ಮೀ ಮರ ಸಿಗುತ್ತೆ. ಪಟ್ಟಿಗಳನ್ನ ಎಪಾಕ್ಸಿಯಲ್ಲಿ ಮುಳುಗಿಸಿ ಕೂರಿಸಿ. ರಾಡ್‌ಗೆ ಮಾತ್ರ ಅಂಟು ತಾಗಬಾರದು, ಬೋರ್ಡ್ ಅಂಟಿಸುವಾಗ ಕಾಲುವೆ ಮೇಲೆ ತೆಳ್ಳನೆ ಟೇಪ್ ಹಾಕಿ, ಕೊನೇ ಗಳಿಗೆಯಲ್ಲಿ ಎಳೆದು ತೆಗೆಯಿರಿ.

ಫ್ರೆಟ್ ಗೆರೆಗಳನ್ನ ಒಂದರಿಂದ ಇನ್ನೊಂದಕ್ಕೆ ಅಳೆಯಬೇಡಿ, ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಇಲ್ಲದಿದ್ರೆ ಸಣ್ಣ ತಪ್ಪುಗಳು ಪೇರಿಸುತ್ತಾ ಹೋಗುತ್ತೆ. 889ಕ್ಕೆ ನಿಮ್ಮ ಪಟ್ಟಿ ತಾಳೆ ನೋಡೋಕೆ: 1ನೇದು 49.9, 5ನೇದು 223.0, 7ನೇದು 295.7, 12ನೇದು 444.5, 24ನೇದು 666.75. ಬೋರ್ಡ್ ಇನ್ನೂ ಚೌಕವಾಗಿ ಚಪ್ಪಟೆಯಾಗಿ ಇರುವಾಗಲೇ ಫ್ರೆಟ್ ಕೂರೋ ಕಾಲುವೆ ಕೊಯ್ಯಿರಿ, ಅಗಲ ಇಳಿಸೋದು, ಉಬ್ಬು ಕೊಡೋದು ಆಮೇಲೆ. ಈ ಕಾಲುವೆಗೆ 0.6 ಮಿ.ಮೀ ಗರಗಸ. ಫ್ರೆಟ್ ತಂತಿ ಎರಡೂವರೆ ಮೀಟರ್ ತಗೊಂಡ್ರೆ ಹಾಳಾದದ್ದಕ್ಕೂ ಸೇರಿ ಸಾಕು.

ಕಾಫಿತೋಟ_ಬೇಸ್:

ಇಬ್ಬರಿಗೂ ತುಂಬಾ ಧನ್ಯವಾದ. ತೇವ ಅಳೆಯೋ ಮೀಟರ್ ಇಲ್ಲ, ಬೇರೆ ದಾರಿ ಇದೆಯಾ? ಬೀಟೆಗೆ ಅರಣ್ಯ ಇಲಾಖೆಯ ತಕರಾರು ಏನಾದ್ರೂ ಬರುತ್ತಾ? ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ) ಬಗ್ಗೆಯೂ ಯಾರಾದ್ರೂ ಹೇಳಿ, ನಮ್ಮ ಲೈನ್‌ಮನೆಯ (ತೋಟದ ಸಾಲುಮನೆ) ಪ್ಲಗ್‌ನಲ್ಲಿ ಯಾವ ಗಿಟಾರ್ ಹಾಕಿದ್ರೂ ಗುಂಯ್ ಅನ್ನುತ್ತೆ.

ಉಳಿ_ಸುತ್ತಿಗೆ:

ತೇವ ನೋಡೋಕೆ, ಅಳೆಯಬೇಕಾದ ಹಲಗೆಯ ತುದಿಯಿಂದ ಒಂದು ಗೇಣು ಒಳಗೆ ಬಂದು 50 ಗ್ರಾಂನಷ್ಟು ತುಂಡು ತೆಗೆಯಿರಿ. ತೀರಾ ತುದಿಯದ್ದು ಬೇಡ, ಅದು ಯಾವಾಗಲೂ ಹೆಚ್ಚು ಒಣಗಿರುತ್ತೆ. ತೂಕ ಬರೆದುಕೊಂಡು ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು, ತೂಕ ಇಳಿಯೋದು ನಿಲ್ಲೋವರೆಗೆ ಒಣಗಿಸಿ. ಇಳಿದ ತೂಕವನ್ನ ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಶೇಕಡಾ ತೇವ. 56 ಗ್ರಾಂ ಇದ್ದದ್ದು 50ಕ್ಕೆ ನಿಂತ್ರೆ ಶೇ. 12. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಬೀಟೆ ಮರ ಕಡಿಯೋಕೆ ಅನುಮತಿ, ಸಾಗಿಸೋಕೆ ಪಾಸ್ ಬೇಕು. ನಿಮ್ಮದು ಮನೆಯಲ್ಲೇ ಇರೋ ಹಳೇ ಮೇಜು, ಅದು ಬೇರೆ ವಿಷಯ. ಹೊಸದಾಗಿ ಯಾರಾದ್ರೂ ಕದ್ದುಮುಚ್ಚಿ ಕೊಡ್ತೀನಿ ಅಂದ್ರೆ ಮಾತ್ರ ಕೈ ಹಾಕಬೇಡಿ. ಬೋರ್ಡ್‌ಗೆ 690 ಉದ್ದ, 92 ಅಗಲ, 8 ದಪ್ಪ ಸಿಗಬೇಕು, ಉಜ್ಜಿ 6ಕ್ಕೆ ತರೋದು.

ಬೋರ್ಡ್ ಅಂಟಿಸೋ ಮೊದಲು ಒಂದು ಮಾತು. ನೆಕ್ಕಿನ ಹಿಂಭಾಗವನ್ನ ಒರಟಾಗಿ ಕೆತ್ತಿ, 3 ಮಿ.ಮೀ ಹೆಚ್ಚಿಗೆ ಬಿಟ್ಟು, ಎರಡು ಮೂರು ವಾರ ಹಾಗೇ ತೂಗುಹಾಕಿ. ಮರ ತೆಗೆದಾಗ ಒಳಗಿನ ಬಿಗು ಸಡಿಲವಾಗಿ ನೆಕ್ ಅಲುಗುತ್ತೆ. ಅಲುಗಿ ನಿಂತ ಮೇಲೆ ಮೇಲ್ಮುಖ ಮತ್ತೆ ತೋಪಡ ಹೊಡೆದು ಬೋರ್ಡ್ ಅಂಟಿಸಿ. ಈ ಕಾಯುವಿಕೆ ಬಿಟ್ಟವರ ನೆಕ್ಕೇ ಮಳೆಗಾಲದಲ್ಲಿ ಬಿಲ್ಲಾಗೋದು.

ಫ್ರೆಟ್ ತುದಿ ಅರ ಹಾಕೋದು ಶಿವರಾತ್ರಿ ಆದಮೇಲೆ. 87 ಮಿ.ಮೀ ಬೋರ್ಡ್, ನೆಟ್ಟ ಗೆರೆಯದ್ದೇ ಆದ್ರೂ, ತೇವ ಶೇ. 5 ಇಳಿದ್ರೆ ಹತ್ತಿರ ಹತ್ತಿರ 0.4 ಕುಗ್ಗುತ್ತೆ. ಅಂದ್ರೆ ಒಂದೊಂದು ಬದಿ 0.2. ಆಗಸ್ಟ್‌ನಲ್ಲಿ ನುಣ್ಣಗೆ ಮಾಡಿದ ತುದಿ ಮಾರ್ಚ್‌ನಲ್ಲಿ ಅಂಗೈ ಗೀರುತ್ತೆ. ಬೋರ್ಡ್ ಅತಿ ಕಿರಿದಾಗಿರೋ ಹೊತ್ತಲ್ಲಿ ಅರ ಹಾಕಿದ್ರೆ ಮಳೆಯಲ್ಲಿ ತುದಿ ಒಳಗೇ ಉಳಿಯುತ್ತೆ.

ಪಾಲಿಶ್ ಕೂಡ ಒಣ ಹವೆಯಲ್ಲೇ. ಮಳೆಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದ್ರೆ ಬೆಳ್ಳಗೆ ಮಂಜು ಕಟ್ಟುತ್ತೆ. ಬಟ್ಟೆಯಲ್ಲಿ ಒರೆಸೋ ಪಾಲಿಯುರಿಥೇನ್ ತೆಳ್ಳಗೆ ಆರೇಳು ಕೈ ಕೊಡಿ. ಬರೀ ಎಣ್ಣೆ ತೇವ ತಡೆಯಲ್ಲ. ನೆಕ್ ಕೂರೋ ಗುಂಡಿ, ಹೆಡ್‌ಸ್ಟಾಕ್ ತುದಿ, ಟ್ಯೂನರ್ ತೂತಿನ ಒಳಮೈ ಯಾವುದನ್ನೂ ಬಿಡಬೇಡಿ, ನೀರು ಹೀರೋದು ಅಲ್ಲೇ ಹೆಚ್ಚು.

ಬೆಸುಗೆ_ಕಂಬಿ (ಅರಸೀಕೆರೆ):

ಗುಂಯ್ ವಿಷಯ ನನಗೆ ಬಿಡಿ. ತಂತಿ ಮುಟ್ಟಿದಾಗ ಸದ್ದು ಕಮ್ಮಿಯಾದ್ರೆ ಗಿಟಾರಿನ ಶೀಲ್ಡಿಂಗ್ (ಹೊರಗಿನ ಗುಂಯ್ ತಡೆಯೋ ಲೋಹದ ಹೊದಿಕೆ) ಸಾಲದು ಅಂತ ಅರ್ಥ. ತಂತಿ ಮುಟ್ಟಿದಾಗ ಕೈ ಜುಂ ಅಂದ್ರೆ, ಅಥವಾ ಸದ್ದು ಹೆಚ್ಚಾದ್ರೆ, ಪ್ಲಗ್‌ನಲ್ಲಿ ಅರ್ತಿಂಗ್ ಇಲ್ಲ ಅಥವಾ ಕೆಟ್ಟಿದೆ. ಹಳೇ ಲೈನ್‌ಮನೆಗಳಲ್ಲಿ ಮೂರನೇ ತೂತು ಇದ್ದೂ ಹಿಂದೆ ವೈರ್ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಗುಂಡಿಯವರೆಗೆ ಪರೀಕ್ಷೆ ಮಾಡಿಸೋವರೆಗೆ ಆ ಪ್ಲಗ್‌ನಲ್ಲಿ ಆಂಪ್ ಹಾಕಿ ನುಡಿಸಲೇಬೇಡಿ. ತಂತಿ ಅರ್ತ್‌ಗೆ ಸೇರಿರುತ್ತೆ, ನಿಮ್ಮ ಕೈ ತಂತಿ ಮೇಲಿರುತ್ತೆ.

ಪಿಕಪ್ ಗುಂಡಿಗಳ ಒಳಗೆ ತಾಮ್ರದ ಟೇಪ್ ಪೂರ್ತಿ ಹಚ್ಚಿ, ಟೇಪ್ ಮೇಲೆ ಟೇಪ್ ಬರೋ ಪ್ರತಿ ಜಾಗಕ್ಕೂ ಒಂದು ಚುಕ್ಕಿ ಬೆಸುಗೆ. ಮಲ್ಟಿಮೀಟರ್‌ನಲ್ಲಿ ಎಲ್ಲಾ ತುಂಡೂ ಒಂದಕ್ಕೊಂದು ಸೇರಿದೆಯಾ ನೋಡಿ. ಬ್ರಿಡ್ಜ್‌ನಿಂದ ಒಂದು ಅರ್ತ್ ವೈರ್ ಬರಲೇಬೇಕು. ಒಂದೊಂದು ತಂತಿಗೆ ಬೇರೆ ಬೇರೆ ಬ್ರಿಡ್ಜ್ ಹಾಕೋದಾದ್ರೆ ಆರಕ್ಕೂ ಬೇಕು, ಕೆಳಗೆ ಒಂದು ತಾಮ್ರದ ಪಟ್ಟಿ ಹಾಸಿದ್ರೆ ಒಂದೇ ವೈರ್ ಸಾಕು.

ಪಿಕಪ್ ಕೊಳ್ಳುವಾಗ ಒಳಗೆ ಬ್ಲೇಡ್ (ಉದ್ದಕ್ಕೂ ಒಂದೇ ಲೋಹದ ಪಟ್ಟಿ) ಇರೋ ಹಂಬಕರ್ (ಗುಂಯ್ ಕಳೆಯೋ ಎರಡು ಸುರುಳಿಯ ಪಿಕಪ್) ನೋಡಿ. ಕಂಬದ ತರಹದ ಅಯಸ್ಕಾಂತ ಇದ್ರೆ ನಿಮ್ಮ 18ರ ಅಂತರಕ್ಕೆ ಹೊಂದದೆ ಹೊರ ತಂತಿಗಳು ಸಣ್ಣಗೆ ಕೇಳುತ್ತೆ. ಪ್ಯಾಸಿವ್ (ಬ್ಯಾಟರಿ ಇಲ್ಲದ್ದು) ಆದ್ರೆ 500 ಕಿಲೋ ಓಮ್ ಪಾಟ್ (ಸದ್ದು, ಟೋನ್ ಬದಲಿಸೋ ತಿರುಗುಗುಬುಟು), ಟೋನ್‌ಗೆ 0.047 ಮೈಕ್ರೋ ಫ್ಯಾರಡ್ ಕೆಪಾಸಿಟರ್. ಪ್ರೀಆಂಪ್ ಬೇಕಿದ್ರೆ ಆಮೇಲೂ ಹಾಕಬಹುದು, ಬ್ಯಾಟರಿಗೆ ಜಾಗ ಮಾತ್ರ ಈಗಲೇ ಕೊರೆದಿಡಿ.

ಲೋ_ಬಿ:

ತೂಕದ ಸಮತೋಲ ಬಿಟ್ಟುಹೋಗಿತ್ತು. ಆರು ಟ್ಯೂನರ್ ಉದ್ದ ನೆಕ್ಕಿನ ತುದಿಯಲ್ಲಿ ಕೂತ್ರೆ ತಲೆ ನೆಲಕ್ಕೆ ಬಾಗುತ್ತೆ. ಮೇಲಿನ ಕೊಂಬನ್ನ 12ನೇ ಫ್ರೆಟ್‌ವರೆಗೆ ಚಾಚಿ ಹೆಗಲ ಪಟ್ಟಿ ಸಿಕ್ಕಿಸೋ ಗುಂಡಿ ಅಲ್ಲಿಡಿ, ಟ್ಯೂನರ್ ಹಗುರದ್ದೇ ತಗೊಳ್ಳಿ. ಇದು ನಕ್ಷೆಯಲ್ಲೇ ತೀರ್ಮಾನ ಆಗಬೇಕು, ಕೊಯ್ದ ಮೇಲೆ ದಾರಿಯಿಲ್ಲ.

ಬ್ರಿಡ್ಜ್ ಕೂರಿಸುವಾಗ ಸಿ ತಂತಿಯ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರೋ ಜರುಗೋ ತುಂಡು) ಪೂರ್ತಿ ಮುಂದೆ ತಂದಾಗ ನಟ್‌ನಿಂದ 887ರ ಹತ್ರ ಬರಲಿ. ಬಿ ತಂತಿ ಹಿಂದಕ್ಕೆ ಐದಾರು ಮಿ.ಮೀ ಕೇಳುತ್ತೆ, ಆ ದಿಕ್ಕಿಗೆ ಜಾಗ ಬೇಕು. ತಂತಿ ಕೊಳ್ಳೋ ಮೊದಲು ತಂತಿ ತುದಿಯ ಗುಂಡು ಕೂರೋ ಜಾಗದಿಂದ ನಟ್‌ವರೆಗೆ ಅಳೆದುಕೊಳ್ಳಿ. ಬಿ ತಂತಿಯ ದಪ್ಪ ಸುತ್ತು ನಟ್ ದಾಟಿದ ಮೇಲೇ ಮುಗಿಯಬೇಕು. ಬಾಡಿ ಹಿಂದಿನಿಂದ ತಂತಿ ತೂರಿಸೋ ಆಸೆ ಇದ್ರೆ ಇನ್ನೂ ನಾಲ್ಕೈದು ಸೆಂ.ಮೀ ಸೇರಿಸಿ ನೋಡಿ.

ನಟ್ ಮೇಲೆ ತಂತಿ ಕೂರೋ ಕಾಲುವೆಗಳನ್ನ ನಡುವಿಂದ ನಡುವಿಗೆ ಸಮ ಮಾಡಿದ್ರೆ ಬಿ ಮತ್ತು ಇ ಒಂದಕ್ಕೊಂದು ಒತ್ತಿಕೊಂಡ ಹಾಗಾಗುತ್ತೆ. ತಂತಿಗಳ ನಡುವಿನ ಖಾಲಿ ಜಾಗ ಸಮ ಇರಬೇಕು. 130, 100, 80, 65, 45, 32ರ ಸೆಟ್‌ಗೆ (ತಂತಿ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ) 54ರ ನಟ್‌ನಲ್ಲಿ ತಂತಿಯ ಹೊರಮೈಯಿಂದ ಎರಡೂ ಅಂಚಿಗೆ 3 ಮಿ.ಮೀ ಬಿಟ್ರೆ, ಪ್ರತಿ ಎರಡು ತಂತಿಗಳ ನಡುವೆ 7.3 ಬರುತ್ತೆ. ಬಿ ಕಾಲುವೆ 3.4 ಅಗಲ, ತಳ ದುಂಡಗೆ, ಟ್ಯೂನರ್ ಕಡೆಗೆ ಸ್ವಲ್ಪ ಇಳಿಜಾರು. ರಿಲೀಫ್ (ನೆಕ್ಕಿಗೆ ಬೇಕಂತಲೇ ಬಿಡೋ ಸಣ್ಣ ಬಾಗು) 7ನೇ ಫ್ರೆಟ್ ಹತ್ರ 0.3ರಿಂದ 0.4, ತಂತಿ ಎತ್ತರ 12ನೇದರಲ್ಲಿ ಬಿ 2.5, ಸಿ 1.8ರಿಂದ ಶುರು ಮಾಡಿ. ಜೂನ್ ಕೊನೆಗೆ ಒಮ್ಮೆ, ಜನವರಿಯಲ್ಲಿ ಒಮ್ಮೆ ರಾಡ್ ಕಾಲು ಸುತ್ತು ತಿರುಗಿಸಬೇಕಾಗುತ್ತೆ, ಅಲೆನ್ ಕೀ ಕೇಸಿನಲ್ಲೇ ಇಟ್ಟಿರಿ.