‘ಸೆಬಾಸ್ತೆ’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ರೋಮ್ ಸಾಮ್ರಾಜ್ಯದ ಪೂರ್ವದ ಊರುಗಳು ತಾವೇ ಹೊಡೆಸಿದ ಕಂಚಿನ ನಾಣ್ಯಗಳಿವೆಯಲ್ಲ, ಅವುಗಳಲ್ಲಿ ಅರಮನೆಯ ಹೆಂಗಸರ ಮುಖ ಇರುವಂಥವನ್ನು ಕೂಡಿಸುವುದು ನನ್ನ ಹವ್ಯಾಸ. ಈಗ ಒಂದೊಂದಕ್ಕೂ ಕನ್ನಡದಲ್ಲೇ ಚೀಟಿ ಬರೆಯುತ್ತಿದ್ದೇನೆ. ಹೆಚ್ಚುಕಮ್ಮಿ ಪ್ರತಿ ಚೀಟಿಯಲ್ಲೂ ಒಂದೇ ಪದ ಕೈ ಕಟ್ಟುತ್ತಿದೆ: ‘ಸೆಬಾಸ್ತೆ’.

ಲ್ಯಾಟಿನ್ನಿನ ‘ಔಗುಸ್ತಾ’ ಎಂಬ ಬಿರುದಿಗೆ ಗ್ರೀಕರು ಕೊಟ್ಟ ರೂಪ ಇದು. ಗಂಡಸಾದರೆ ಸೆಬಾಸ್ತೋಸ್, ಹೆಂಗಸಾದರೆ ಸೆಬಾಸ್ತೆ. ಆ ಕಡೆಯ ಊರುಗಳ ನಾಣ್ಯಗಳ ಒಕ್ಕಣೆ ಬಹುಪಾಲು ಗ್ರೀಕಿನಲ್ಲೇ ಇರುವುದರಿಂದ ಸಂಗ್ರಹಕಾರರ ಕಣ್ಣಿಗೆ ಜಾಸ್ತಿ ಬೀಳುವುದು ಈ ರೂಪವೇ. ಕನ್ನಡದಲ್ಲಿ ನಾವು ‘ಸಾಮ್ರಾಜ್ಞಿ’ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತೇವೆ. ನನ್ನ ತಕರಾರು ಅಲ್ಲಿಂದಲೇ ಶುರು. ಸಾಮ್ರಾಜ್ಞಿ ಅಂದ ಕೂಡಲೇ ಓದುವವರು ‘ಚಕ್ರವರ್ತಿಯ ಹೆಂಡತಿ’ ಎಂದುಕೊಳ್ಳುತ್ತಾರೆ, ಅಲ್ವಾ? ಆದರೆ ಸೆಬಾಸ್ತೆ ಎಂಬುದು ಸಂಬಂಧದ ಹೆಸರಲ್ಲ. ಕೊಟ್ಟರೆ ಮಾತ್ರ ಬರುವ ಬಿರುದು.

ಮೊದಲನೆಯವಳನ್ನೇ ನೋಡಿ. ರೋಮಿನ ಮೊದಲ ಚಕ್ರವರ್ತಿ ಔಗುಸ್ತಸ್ ಬದುಕಿದ್ದಷ್ಟು ದಿನ ಅವನ ಹೆಂಡತಿ ಲಿವಿಯಾಗೆ ಈ ಬಿರುದು ಇರಲಿಲ್ಲ. ಕ್ರಿ.ಶ. 14ರಲ್ಲಿ ಅವನು ಸತ್ತ ಮೇಲೆ, ಅವನ ಉಯಿಲಿನ ಪ್ರಕಾರ ಬಂತು. ಆಗ ಅವಳು ವಿಧವೆ, ಹೊಸ ಚಕ್ರವರ್ತಿ ತಿಬೇರಿಯಸ್‌ನ ತಾಯಿ. ಪೊಪ್ಪಾಯಿಯಾ ನೀರೋನನ್ನು ಮದುವೆಯಾದದ್ದು 62ರಲ್ಲಿ. ಬಿರುದು ಸಿಕ್ಕಿದ್ದು 63ರಲ್ಲಿ, ಮಗಳು ಹುಟ್ಟಿದ ಮೇಲೆ. ಅಲೆಕ್ಸಾಂಡ್ರಿಯದ ನಾಣ್ಯದಲ್ಲಿ ಒಂದು ಬದಿಗೆ ನೀರೋ, ಇನ್ನೊಂದು ಬದಿಗೆ ‘ಪೊಪ್ಪಾಯಿಯಾ ಸೆಬಾಸ್ತೆ’. ಪಕ್ಕದಲ್ಲಿ ವರ್ಷದ ಗುರುತು, ಅದರ ಮುಂದೆ ಇಯೋಟ ಅಕ್ಷರ. ಅಂದರೆ ನೀರೋನ ಆಳ್ವಿಕೆಯ 10ನೇ ವರ್ಷ. ಬಿರುದು ಬಂದದ್ದೇ ತಡ, ನಾಣ್ಯಕ್ಕೆ ಏರಿಬಿಟ್ಟಿದೆ.

ಇನ್ನು ಚಕ್ರವರ್ತಿ ತ್ರಾಜನ್. ಅವನ ಅಕ್ಕ ಮಾರ್ಕಿಯಾನಾ ಕೂಡ ಔಗುಸ್ತಾ, ಆಕೆಯ ಮಗಳು ಮತೀದಿಯಾ ಕೂಡ ಔಗುಸ್ತಾ. ಇವರನ್ನು ಸಾಮ್ರಾಜ್ಞಿ ಅನ್ನಲು ಬಾಯಿ ಬರುತ್ತದೆಯೇ?

ಇದೇ ಮಾರ್ಕಿಯಾನಾ ಹೆಸರಲ್ಲಿ ತ್ರಾಜನ್ ಒಂದು ಊರು ಕಟ್ಟಿಸಿದ. ಮಾರ್ಕಿಯನೊಪೊಲಿಸ್, ಈಗಿನ ಬಲ್ಗೇರಿಯದ ದೆವ್ನ್ಯಾ. ಅಲ್ಲಿಯ ಒಂದು ನಾಣ್ಯ ಈ ಗೊಂದಲವನ್ನೆಲ್ಲ ಒಂದೇ ಕಡೆ ತೋರಿಸುತ್ತದೆ. ಅಂಗೈಯಲ್ಲಿ ಇಟ್ಟರೆ ಭಾರ ಗೊತ್ತಾಗುವಂಥ ದಪ್ಪ ಕಂಚು. ಮುಂಬದಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಎದುರುಬದುರು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಹಿಂಬದಿಯ ಖಾಲಿ ಜಾಗದಲ್ಲಿ ಎಪ್ಸಿಲಾನ್ ಅಕ್ಷರ. ಗ್ರೀಕರಿಗೆ ಅಕ್ಷರವೇ ಅಂಕಿ, ಆದ್ದರಿಂದ ಇದು 5: ಐದು ಅಸ್ಸಾರಿಯದ (ಆ ಕಾಲದ ಚಿಲ್ಲರೆ ಹಣದ ಲೆಕ್ಕ) ನಾಣ್ಯ. ಸುತ್ತಲಿನ ಒಕ್ಕಣೆ ‘ಮಾರ್ಕಿಯನೊಪೊಲಿತೋನ್’ ಎಂದು ಮುಗಿಯುತ್ತದೆ. ಷಷ್ಠಿ ಬಹುವಚನ, ‘ಮಾರ್ಕಿಯನೊಪೊಲಿಸಿನವರದು’ ಎಂದು ಅರ್ಥ. ಮುಂಬದಿಯ ಜೋಡಿಯನ್ನು ನೋಡಿದರೆ ಯಾರಾದರೂ ಗಂಡಹೆಂಡತಿ ಎಂದೇ ಹೇಳುತ್ತಾರೆ. ಅಲ್ಲ, ಅದು ಚಕ್ರವರ್ತಿ ಕರಕಲ್ಲ ಮತ್ತು ಅವನ ತಾಯಿ ಯೂಲಿಯಾ ದೊಮ್ನಾ. ಅದೇ ಊರಿನ ಇನ್ನೊಂದು ನಾಣ್ಯದಲ್ಲಿ ಎಲಗಬಾಲಸ್ ಮತ್ತು ಅವನ ಅಜ್ಜಿ ಯೂಲಿಯಾ ಮೈಸಾ ಹೀಗೇ ಎದುರುಬದುರು ಇದ್ದಾರೆ. ‘ಚಕ್ರವರ್ತಿ ಮತ್ತು ಸಾಮ್ರಾಜ್ಞಿ’ ಎಂದು ಚೀಟಿ ಬರೆದರೆ ಅಜ್ಜಿಗೂ ಮೊಮ್ಮಗನಿಗೂ ಮದುವೆ ಮಾಡಿಸಿದ ಹಾಗಾಗುತ್ತದೆ!

‘ಪಟ್ಟದರಸಿ’ ಇನ್ನೂ ಅಪಾಯ. ಆ ಪದದ ಹಿಂದೆ ಬೇರೆ ಅರಸಿಯರೂ ಇದ್ದಾರೆ ಎಂಬ ಧ್ವನಿ ಇದೆ. ಶಾಂತಲೆಯನ್ನು ಶಾಸನಗಳು ‘ಪಿರಿಯರಸಿ ಪಟ್ಟಮಹಾದೇವಿ’ ಎಂದು ಕರೆಯುವಾಗ ಅದು ಸರಿ. ರೋಮನ್ನರಲ್ಲಿ ಒಂದು ಸಲಕ್ಕೆ ಒಬ್ಬಳೇ ಹೆಂಡತಿ.

ಪದಕ್ಕೆ ಪದ ಇಟ್ಟು ನೋಡಿದರೆ ಸೆಬಾಸ್ತೆ ಎಂದರೆ ‘ಪೂಜ್ಯಳು’, ‘ಕೈಮುಗಿಯಬೇಕಾದವಳು’. ಆದರೆ ‘ಪೂಜ್ಯ ಫೌಸ್ತಿನಾ’ ಎಂದು ಬರೆದರೆ ಮಠದ ಕರೆಯೋಲೆ ಓದಿದಂತಿರುತ್ತದೆ. ‘ಮಾನ್ಯೆ’ ಎಂದರೆ ತಾಲ್ಲೂಕು ಕಚೇರಿಯ ಅರ್ಜಿ.

ನನ್ನ ಒಲವು ಹೀಗೆ: ಬಿರುದನ್ನು ಬಿರುದಾಗಿಯೇ ಬಿಟ್ಟುಬಿಡೋಣ, ಪಕ್ಕದಲ್ಲಿ ಸಂಬಂಧ ಹೇಳೋಣ. ‘ಯೂಲಿಯಾ ದೊಮ್ನಾ ಸೆಬಾಸ್ತೆ, ಕರಕಲ್ಲನ ತಾಯಿ.’ ಮೈಸೂರಿನ ಕೆಂಪನಂಜಮ್ಮಣ್ಣಿಯವರ ‘ವಾಣಿವಿಲಾಸ ಸನ್ನಿಧಾನ’ ಎಂಬ ಬಿರುದನ್ನು ಯಾರೂ ಬಿಡಿಸಿ ಬರೆಯುವುದಿಲ್ಲವಲ್ಲ, ಹಾಗೆ. ಇದರಲ್ಲೂ ಒಂದು ತೊಡಕಿದೆ. ಸೆಬಾಸ್ತೆ ಎಂಬ ಹೆಸರಿನ ಊರುಗಳೂ ಇವೆ. ಸಮಾರಿಯ ಎಂಬ ಊರನ್ನು ಹೊಸದಾಗಿ ಕಟ್ಟಿಸಿದ ಯೂದಾಯದ ಅರಸ ಹೆರೋದ ಅದಕ್ಕೆ ಇಟ್ಟದ್ದು ಇದೇ ಹೆಸರು, ಔಗುಸ್ತಸ್‌ನ ಗೌರವಕ್ಕೆ. ಬಿರುದು ಯಾವುದು, ಊರು ಯಾವುದು ಎಂದು ಚೀಟಿಯಲ್ಲಿ ಬೇರೆ ಮಾಡಿ ತೋರಿಸುವುದು ಹೇಗೆ?

ವ್ಯಾಕರಣದ ರುಚಿ ಇರುವವರಿಗೆ ಇನ್ನೊಂದು. ಪೆರ್ಗಮಾನ್ ಊರಿನ ಒಂದು ಚಿಕ್ಕ ನಾಣ್ಯದಲ್ಲಿ ಬಿರುದೇ ಇಲ್ಲ. ಒಂದು ಬದಿಗೆ ‘ಲಿವಿಯಾನ್ ಹೇರಾನ್ ಖರೀನೋಸ್’, ಇನ್ನೊಂದು ಬದಿಗೆ ‘ಯೂಲಿಯಾನ್ ಅಫ್ರೊದೀತೇನ್’. ಈ ಯೂಲಿಯಾ ಔಗುಸ್ತಸ್‌ನ ಮಗಳು; ಹೇರಾ, ಅಫ್ರೊದೀತೆ ಗ್ರೀಕರ ದೇವತೆಯರು. ಹೆಂಗಸರ ಹೆಸರೆಲ್ಲ ದ್ವಿತೀಯಾ ವಿಭಕ್ತಿಯಲ್ಲಿವೆ. ಖರೀನೋಸ್ ಎಂಬ ಊರ ಅಧಿಕಾರಿ ಮಾತ್ರ ಪ್ರಥಮೆ. ಕ್ರಿಯಾಪದವೇ ಇಲ್ಲ. ಪ್ರತಿಮೆಗಳ ಪೀಠದ ಮೇಲೆ ಬರೆಯುವ ವಾಡಿಕೆ ಇದು: ‘ಇಂಥವಳನ್ನು ಇಂಥವನು’ ಎಂದರೆ ಸಾಕು, ‘ಗೌರವಿಸಿದ’ ಎಂದು ಓದುವವರೇ ಸೇರಿಸಿಕೊಳ್ಳಬೇಕು. ‘ಹೇರಾಳಾದ ಲಿವಿಯಾಳನ್ನು ಖರೀನೋಸ್’ ಎಂದು ಬರೆದು ನಿಲ್ಲಿಸಿದರೆ ಕನ್ನಡದ ಕಿವಿ ಒಪ್ಪುತ್ತದೆಯೇ? ನನಗಂತೂ ಇಷ್ಟವಾಗಿದೆ. ಕ್ರಿಯಾಪದ ಹಾಕಿದರೆ ಅದರ ಗತ್ತೇ ಹೋಗುತ್ತದೆ.

ಈ ಬಗೆಯ ನಾಣ್ಯಗಳಿಗೆ ಸಂಗ್ರಹಕಾರರು ಹೇಳುವ ‘ಪ್ರಾಂತೀಯ ನಾಣ್ಯ’ ಎಂಬ ಮಾತೂ ನನಗೆ ಅಷ್ಟಕ್ಕಷ್ಟೇ. ಇವುಗಳಲ್ಲಿ ಬಹಳಷ್ಟನ್ನು ಹೊಡೆಸಿದ್ದು ಪ್ರಾಂತ್ಯವಲ್ಲ, ಊರು. ಯಶವಂತಪುರದಲ್ಲಿ, ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿಯ ಜಾತಿ ಬೇರೆ, ಅದು ದೂರದ ವ್ಯಾಪಾರಕ್ಕೆ ಬಂದ ಹಣ. ಈ ಕಂಚು ಆಯಾ ಸೀಮೆಯ ಸಂತೆ ಪೇಟೆಯ ಚಿಲ್ಲರೆ. ‘ಊರ ನಾಣ್ಯ’ ಎಂದರೆ ತೀರಾ ಹಗುರವಾಯಿತೇ?

ಕೊನೆಗೆ, ತಲೆಕೂದಲು. ಅಕ್ಷರ ಸವೆದು ‘ಸೆಬ್’ ಎಂಬಷ್ಟೇ ಉಳಿದಾಗ ಯಾರ ಮುಖ ಎಂದು ಹೇಳುವುದು ಮುಡಿಯೇ. ಹಿರಿಯ ಫೌಸ್ತಿನಾ ಜಡೆಯನ್ನು ನೆತ್ತಿಯ ಮೇಲೆ ಸುತ್ತಿ ಕಟ್ಟಿದ್ದಾಳೆ. ಅವಳ ಮಗಳು, ಕಿರಿಯ ಫೌಸ್ತಿನಾ, ಹಿಂದಲೆಗೆ ಕಟ್ಟಿದ್ದಾಳೆ. ದೊಮ್ನಾಳದು ಕಿವಿ ಮುಚ್ಚುವಂತೆ ಇಳಿಬಿದ್ದ ಅಲೆಅಲೆ ಕೂದಲು. ಹಿಂದಿನದಕ್ಕೆ ‘ತುರುಬು’ ಸಾಕು. ನೆತ್ತಿಯ ಮೇಲಿನದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಧಾರವಾಡದವರು, ಮಂಗಳೂರಿನವರು, ಚಾಮರಾಜನಗರದವರು ನಿಮ್ಮ ನಿಮ್ಮ ಮನೆಮಾತಿನ ಪದವನ್ನೇ ಬರೆಯಿರಿ, ನಿಘಂಟಿನದು ಬೇಡ.